ಆರ್‌ಎಕ್ಸ್ 100 ಎಂಜಿನ್ ಬಿಚ್ಚಿಸುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡು, ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಹೆಚ್ಚು ಪವರ್ ಬಯಸುವವರಿಗೆ ಈ ಸೂಚನೆ. ದುಡ್ಡಿದ್ದವರು ಬ್ಲಾಕ್ ಹಾಳು ಮಾಡಿದರೆ ಇನ್ನೊಂದು ಹುಡುಕಿ ತರುತ್ತಾರೆ. ನಿಮಗೆ ಅದು ಆಗದ ಮಾತು. ಹಾಗಾಗಿ ಕ್ರಮ ತಪ್ಪಬೇಡಿ.

ಮಾಡಬೇಕಾದ್ದು, ಎಲ್ಲಕ್ಕಿಂತ ಮೊದಲು

ಕಂಪನಿ ಕೊಟ್ಟ 11 ಹಾರ್ಸ್‌ಪವರ್ ಗಾಡಿಯಲ್ಲಿ ಇನ್ನೂ ಉಳಿದಿದೆಯೇ ಎಂದು ನೋಡಿಸಿ. 1996ರಲ್ಲಿ ತಯಾರಿಕೆ ನಿಂತ ಗಾಡಿ ಇದು. ಎಷ್ಟೋ ಎಂಜಿನ್‌ಗಳಲ್ಲಿ ಬೋರ್ ಸವೆದಿದೆ, ರೀಡ್ ವಾಲ್ವಿನ ಎಲೆ ಅಂಚಿನಲ್ಲಿ ಮುರಿದಿದೆ, ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿದೆ. ಇಂಥ ಗಾಡಿಗೆ ‘ಟ್ಯೂನಿಂಗ್’ ಮಾಡಿಸುವವರು ಕಳೆದುಹೋದ ಪವರ್‌ಗೆ ಎರಡನೇ ಸಲ ದುಡ್ಡು ಕೊಡುತ್ತಿದ್ದಾರೆ, ಅಷ್ಟೆ.

ಕಂಪ್ರೆಷನ್ ಗೇಜ್ ಹಾಕಿಸಿ. ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಬದಲಿಸಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಅಲ್ಲಿಂದಲೇ ಮೇಲೇರಬೇಕು. ಸೀಲ್ ಸೋರಿದರೆ ಹೊರಗಿನ ಗಾಳಿ ಒಳಬಂದು ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಇಳಿದು ಅದು ಲೀನ್ ಆಗುತ್ತದೆ, ಬಿಸಿ ಏರುತ್ತದೆ, ಒಂದು ದಿನ ಪಿಸ್ಟನ್ ಸೀಜ್. ಹೊಸ ಸೀಲ್ ಹಾಕಿದ ಮೇಲೆ ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿ ಮುಚ್ಚಿ, ಸ್ವಲ್ಪ ಗಾಳಿ ತುಂಬಿ, ಒತ್ತಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲೇಬೇಕು. ‘ಅದೆಲ್ಲ ಬೇಡ ಸಾರ್’ ಎನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ.

ಬೋರ್ ಮಾಡಿಸಿದರೆ ಪವರ್ ಹೆಚ್ಚುತ್ತದೆಂದು ನಂಬಬೇಡಿ. ಮೂಲ ಬೋರ್ 50 ಮಿಲಿಮೀಟರ್, ಸ್ಟ್ರೋಕ್ 50 ಮಿಲಿಮೀಟರ್. ಒಟ್ಟು 98 ಸಿಸಿ. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದರೆ 100 ಸಿಸಿ ಆಗುತ್ತದೆ. ಹೆಚ್ಚಿದ್ದು ಎರಡೇ ಸಿಸಿ! ಬೋರಿಂಗ್ ಬೇಕಾದ್ದು ಸವೆದ ಗೋಡೆ ಸರಿಪಡಿಸಲು. ಮೊದಲು ಪಿಸ್ಟನ್ ತನ್ನಿ, ಆಮೇಲೆ ಅದರ ಅಳತೆಗೆ ಬೋರ್ ಮಾಡಿಸಿ. ಬ್ಲಾಕನ್ನು ಮೊದಲೇ ಲೇತಿಗೆ ಕೊಟ್ಟು, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಿಸ್ಟನ್‌ಗೆ ಅಲೆಯುವುದು ತಲೆಕೆಳಗಿನ ಕೆಲಸ. ಹೋನಿಂಗ್ ಆದಮೇಲೆ ಪೋರ್ಟಿನ ಅಂಚುಗಳನ್ನು ನಯ ಮಾಡಿಸಿ, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ.

ಮಾಡಬಾರದ್ದು

ಸೈಲೆನ್ಸರಿನ ಒಳಗಿನ ಕೊಳವೆ ಕಿತ್ತುಹಾಕಬೇಡಿ. ಹುಡುಗರು ಇದನ್ನೇ ಮೊದಲು ಮಾಡುತ್ತಾರೆ, ಪುಕ್ಕಟೆ ಎಂಬ ಕಾರಣಕ್ಕೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಭಾಗ. ಎಕ್ಸಾಸ್ಟ್ ಪೋರ್ಟ್ ತೆರೆದಿರುವಾಗ ಒಂದಿಷ್ಟು ಹೊಸ ಮಿಶ್ರಣವೂ ಹೊರಗೆ ನುಗ್ಗುತ್ತದೆ. ಪೈಪಿನ ಆಕಾರ ಸರಿಯಿದ್ದರೆ ಒತ್ತಡದ ಅಲೆ ಹಿಂದಕ್ಕೆ ಬಂದು ಅದನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೈಪ್ ಕತ್ತರಿಸಿದವರಿಗೆ ಸಿಗುವುದು ಶಬ್ದ, ಹೋಗುವುದು ಪವರ್. ಅದರ ಮೇಲೆ ದಂಡ ಬೇರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಕಿತ್ತು ರೋಡ್ ರೋಲರ್ ಹತ್ತಿಸಿದ್ದಾರೆ.

ದೊಡ್ಡ ಕಾರ್ಬುರೇಟರ್ ಒಂದನ್ನೇ ತಂದು ಕೂರಿಸಬೇಡಿ. ಬಾಯಿ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಇಳಿದು ಪೆಟ್ರೋಲ್ ಸರಿಯಾಗಿ ಚದುರುವುದಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಮುಗ್ಗರಿಸುತ್ತದೆ. ಕಾರ್ಬುರೇಟರ್ ಬದಲಿಸಿದ ಮೇಲೆ 2ಟಿ ಆಯಿಲ್ ಪಂಪಿನ ಕೇಬಲ್ ಹೊಂದಿಸುವುದನ್ನು ಮರೆತವರ ಪಿಸ್ಟನ್‌ಗಳು ಗುಜರಿಯಲ್ಲಿ ಬೇಕಾದಷ್ಟಿವೆ.

ಹೆಡ್ಡಿನ ಲೋಹವನ್ನು ಮನಸ್ಸಿಗೆ ಬಂದಷ್ಟು ತೆಗೆಸಬೇಡಿ. ಕಂಪ್ರೆಷನ್ ಏರಿಸಿ, ಟೈಮಿಂಗನ್ನೂ ಮುಂದಕ್ಕೆ ಹಾಕಿ, ಬಂಕಿನ ಸಾದಾ ಪೆಟ್ರೋಲ್ ಸುರಿದರೆ ನಾಕಿಂಗ್ ಶುರು. ಪಿಸ್ಟನ್ ತಲೆಗೆ ತೂತು ಬೀಳಲು ಒಂದು ಉದ್ದನೆಯ ಏರು ಸಾಕು.

ಆರ್‌ಎಕ್ಸ್ 135ರ ಬ್ಲಾಕ್ ಕೂರಿಸಬೇಡಿ. ಕೆಲಸವೇನೋ ಆಗುತ್ತದೆ, ಪಿಕಪ್ ಕೂಡ ಬರುತ್ತದೆ. ಆದರೆ ಆರ್‌ಸಿಯಲ್ಲಿ 98 ಇರುವ ಗಾಡಿ ರಸ್ತೆಯಲ್ಲಿ 132 ಸಿಸಿ ಆಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನು ಒಪ್ಪುವುದಿಲ್ಲ. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಇಷ್ಟಾದ ಮೇಲೂ ಪವರ್ ಸಾಲದಿದ್ದರೆ

ಮೊದಲು ಸ್ಪ್ರಾಕೆಟ್. ಹಿಂದೆ ಒಂದೆರಡು ಹಲ್ಲು ಹೆಚ್ಚಿಸಿದರೆ ಒಂದು ಹಾರ್ಸ್‌ಪವರ್ ಕೂಡ ಹೆಚ್ಚದು, ಟಾಪ್ ಸ್ಪೀಡ್ ಇಳಿಯುತ್ತದೆ; ಆದರೂ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಕೇಳುತ್ತಿರುವುದು ಇದನ್ನೇ. ಎಳೆತ ಬೇಕಾದವರು ಇಲ್ಲಿಗೇ ನಿಲ್ಲಿ.

ನಿಜವಾದ ಪವರ್ ಬೇಕೇ? ಪೋರ್ಟ್, ಪೈಪ್, ಕಾರ್ಬುರೇಟರಿನ ಜೆಟ್ ಮೂರನ್ನೂ ಒಂದೇ ಕೈಯಲ್ಲಿ, ಒಂದೇ ಗುರಿಗೆ ಮಾಡಿಸಿ. ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದಷ್ಟೂ ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತದೆ, ಕೆಳಗೆ ಗಾಡಿ ಸಪ್ಪೆ. ಡ್ರ್ಯಾಗ್ ರೇಸಿಗೆ ಅದು ಸರಿ, ದಿನಾ ಆಫೀಸಿಗೆ ಹೋಗುವವರಿಗೆ ಶಿಕ್ಷೆ. ಉಜ್ಜಿ ತೆಗೆದ ಕಬ್ಬಿಣ ಮತ್ತೆ ಅಂಟುವುದಿಲ್ಲ. ಮೂಲ ಬ್ಲಾಕನ್ನು ಎಣ್ಣೆ ಹಚ್ಚಿ ಎತ್ತಿಟ್ಟು, ಬೇರೊಂದು ಬ್ಲಾಕ್ ಹೊಂದಿಸಲು ಆದರೆ ಮಾತ್ರ ಅದರ ಮೇಲೆ ಪ್ರಯೋಗ ಮಾಡಿಸಿ. ಅಂಥ ಬೈಕನ್ನು ಟ್ರ್ಯಾಕಿಗೇ ಇಟ್ಟುಕೊಳ್ಳಿ.

ಮೇನ್ ಜೆಟ್ಟನ್ನು ದೊಡ್ಡದರಿಂದ ಶುರುಮಾಡಿ ಚಿಕ್ಕದಕ್ಕೆ ಇಳಿಸಿ, ತಿರುವುಮುರುವು ಬೇಡ. ರಿಚ್ ಆದರೆ ಪ್ಲಗ್ ಕಪ್ಪಾಗುತ್ತದೆ, ಲೀನ್ ಆದರೆ ಎಂಜಿನ್ ಹೋಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಜೆಟ್ ನಂಬರ್‌ಗಳು ಲೀನ್ ಕಡೆಗೇ ವಾಲುತ್ತವೆ. ‘ಅಂದು ಇದೇ ಜೆಟ್ ಸರಿಯಿತ್ತು’ ಎಂಬ ವಾದಕ್ಕೆ ಇನ್ನು ಬೆಲೆಯಿಲ್ಲ.

ಪವರ್ ಏರಿಸುವ ಮುನ್ನ ಎರಡೂ ಡ್ರಮ್ ಬ್ರೇಕಿನ ಶೂ ಹೊಸದು ಹಾಕಿಸಿ. ಇದರಲ್ಲಿ ಚೌಕಾಸಿ ಇಲ್ಲ.

ಕೆಲಸ ಮುಗಿದ ದಿನ ಪಿಸ್ಟನ್ ಅಳತೆ, ಬೋರ್ ಕ್ಲಿಯರೆನ್ಸ್, ಜೆಟ್ ನಂಬರ್, ಟೈಮಿಂಗ್ ನಾಲ್ಕನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಮೆಕ್ಯಾನಿಕ್‌ಗೆ ಮುಂಗಡ ಕೊಡಬೇಡಿ.