ಚುನಾವಣೆಯ ಕಾವು ಮತ್ತು ಮತದಾರನ ಭರವಸೆ

ಚುನಾವಣೆ ಘೋಷಣೆಯಾದಂದಿನಿಂದ ಪ್ರಕ್ರಿಯೆ ಮುಗಿಯುವವರೆಗೆ ಜಾರಿಯಲ್ಲಿರುವ ಮಾದರಿ ನೀತಿ ಸಂಹಿತೆ, ಅಂದರೆ ಪಕ್ಷಗಳೂ ಸರ್ಕಾರವೂ ಪಾಲಿಸಬೇಕಾದ ನಡವಳಿಕೆಯ ನಿಯಮಾವಳಿ, ರಾಜಕಾರಣಿಗಳ ನಾಲಿಗೆಗೆ ಒಂದಿಷ್ಟು ಲಗಾಮು ಹಾಕಬಲ್ಲದಾದರೂ ಮನೆಯ ಜಗಲಿಯಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಏರುವ ಕಾವನ್ನು ತಗ್ಗಿಸಲಾರದು. ಇದರಿಂದ ಬೇಸತ್ತವರು ಯಾರು ಬಂದರೂ ಅಷ್ಟೇ, ನನ್ನೊಂದು ಮತದಿಂದ ಏನಾದೀತು ಎಂದು ದೂರ ಸರಿಯುವುದುಂಟು. ಆದರೆ 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಒಂದೇ ಒಂದು ಮತದಿಂದ ಗೆದ್ದದ್ದನ್ನು ನೆನೆದರೆ ಆ ಮಾತು ಎಷ್ಟು ಪೊಳ್ಳೆಂಬುದು ತಿಳಿಯುತ್ತದೆ.

ಚುನಾವಣೆಯ ಈ ಕಾವು ಹುಟ್ಟಿಸುವ ಆತಂಕಕ್ಕೆ ಮದ್ದು ಕೈಗೆಟಕುವ ಕೆಲಸ. ಪ್ರತಿ ಅಭ್ಯರ್ಥಿಯೂ ನಾಮಪತ್ರದೊಂದಿಗೆ ಪ್ರಮಾಣಪತ್ರವನ್ನು, ಎಂದರೆ ತನ್ನ ಆಸ್ತಿ, ಸಾಲ, ವಿದ್ಯಾರ್ಹತೆ ಹಾಗೂ ಕ್ರಿಮಿನಲ್ ಪ್ರಕರಣಗಳ ವಿವರವುಳ್ಳ ಲಿಖಿತ ಘೋಷಣೆಯನ್ನು ಸಲ್ಲಿಸಲೇಬೇಕಾಗಿದ್ದು, ಚುನಾವಣಾ ಆಯೋಗ ಅದನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಅದನ್ನು ಓದುವ ಅರ್ಧ ಗಂಟೆ ಹತ್ತು ಭಾಷಣಗಳಿಗಿಂತ ಮೇಲು (ಭಾಷಣಕ್ಕೆ ಹೋದವರಿಗೆ ಸಿಗುವ ಬಿರಿಯಾನಿಯ ಮಾತು ಬೇರೆ). ಯಾರೂ ಒಪ್ಪಿಗೆಯಾಗದಿದ್ದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾ, ಅಂದರೆ ಮೇಲಿನ ಯಾರಿಗೂ ಮತವಿಲ್ಲ ಎಂದು ತಿಳಿಸುವ ಗುಂಡಿ, ಮತಯಂತ್ರದಲ್ಲಿಯೇ ಇದೆ.

ಭರವಸೆಯನ್ನು ಫಲಿತಾಂಶದ ಒಂದು ದಿನಕ್ಕೆ ಕಟ್ಟಿಹಾಕುವುದು ತರವಲ್ಲ, ಏಕೆಂದರೆ ಸೋತ ಪಕ್ಷದ ಬೆಂಬಲಿಗನಿಗೂ ಗ್ರಾಮಸಭೆಯಲ್ಲಿ, ಅಂದರೆ ಊರಿನ ಮತದಾರರೆಲ್ಲರೂ ಕೂಡುವ ಸಭೆಯಲ್ಲಿ, ರಸ್ತೆ, ನೀರು, ಶಾಲೆಗಳ ಬಗ್ಗೆ ಪ್ರಶ್ನಿಸುವ ಹಕ್ಕು ಹಾಗೆಯೇ ಉಳಿದಿರುತ್ತದೆ. ಅದಕ್ಕೂ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಇಂದೇ ನೋಡಿಕೊಳ್ಳುವುದು ಒಳಿತು. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತ ಹಾಕಲು ಅವಕಾಶವಿಲ್ಲ.