ಒದ್ದೆ ಕಾಲುಚೀಲದ ವಾಸನೆ ಬಂದ ದಿನ

ಕಳೆದ ವರ್ಷ ಗಗನಸಖಿಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಹಾಸನದ ಕಡೆಯವರು, ಬೆಂಗಳೂರಿನಲ್ಲಿ ಕೆಲಸ. ಚೀಲದಿಂದ ಜಿಪ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಅವರ ಸಮವಸ್ತ್ರದ ಸ್ಕಾರ್ಫ್. "ಮೂಸಿ ನೋಡಿ ಸರ್, ಇನ್ನೂ ಇದೆ" ಅಂದರು. ನನಗೆ ಏನೂ ಗೊತ್ತಾಗಲಿಲ್ಲ. ವಿಮಾನ ಇಳಿಯತೊಡಗಿದಾಗ ಒದ್ದೆ ಕಾಲುಚೀಲದಂಥ ನಾತ ಬಂತಂತೆ, ಗಂಟಲು ಉರಿಯಿತಂತೆ, ಟ್ರೇ ಹಿಡಿದ ಕೈ ನಡುಗಿತಂತೆ. ಆಮೇಲೆ ಐದು ತಿಂಗಳಾದರೂ ಕೆಮ್ಮು ಹೋಗಿರಲಿಲ್ಲ. ಆ ದಿನ ಏನಾದರೂ ಬರೆದುಕೊಟ್ಟಿರಾ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ. ಎರಡೂ ಇಲ್ಲ. ಕ್ಯಾಪ್ಟನ್ ಬರೆಯುತ್ತಾರೆ ಅಂದುಕೊಂಡು ಮರುದಿನ ಬೆಳಗಿನ ಜಾವದ ಡ್ಯೂಟಿಗೂ ಹೋಗಿಬಂದಿದ್ದರು.

ಈ ನಾತ ಎಲ್ಲಿಂದ ಬರುತ್ತದೆಂದು ಮೊದಲು ತಿಳಿದಿರಲಿ. ಹೆಚ್ಚಿನ ಪ್ರಯಾಣಿಕ ವಿಮಾನಗಳಲ್ಲಿ ನಾವು ಉಸಿರಾಡುವ ಗಾಳಿ ಎಂಜಿನ್ನಿನ ಕಂಪ್ರೆಸರ್‌ನಿಂದ ಬರುತ್ತದೆ. ಇದಕ್ಕೆ 'ಬ್ಲೀಡ್ ಏರ್' ಎನ್ನುತ್ತಾರೆ. ಎಂಜಿನ್ನಿನ ಎಣ್ಣೆಯನ್ನು ತಡೆಯುವ ಸೀಲ್ ಸವೆದರೆ, ಬಿಸಿಯಲ್ಲಿ ಬೆಂದ ಎಣ್ಣೆಯ ಆವಿ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಆ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ಆರ್ಗನೋಫಾಸ್ಫರಸ್ ರಾಸಾಯನಿಕ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟಬಹುದು. ವಿಮಾನದಲ್ಲಿ ಹೆಪಾ ಫಿಲ್ಟರ್ ಇದೆಯಲ್ಲ ಎಂದು ಸಮಾಧಾನ ಹೇಳುವವರುಂಟು. ಆ ಫಿಲ್ಟರ್ ಕ್ಯಾಬಿನ್ನಿನಲ್ಲೇ ಸುತ್ತುವ ಗಾಳಿಯ ಕಣಗಳನ್ನು ಹಿಡಿಯುತ್ತದೆ, ಅನಿಲ ಅದಕ್ಕೆ ಸಿಗುವುದಿಲ್ಲ. ಬೋಯಿಂಗ್ 787ರಲ್ಲಿ ಮಾತ್ರ ಕ್ಯಾಬಿನ್ನಿನ ಗಾಳಿಯನ್ನು ಎಂಜಿನ್ನಿನಿಂದ ತೆಗೆಯದೆ ಪ್ರತ್ಯೇಕ ವಿದ್ಯುತ್ ಕಂಪ್ರೆಸರ್‌ಗಳಿಂದ ಪಡೆಯುತ್ತಾರೆ.

ಕಾನೂನಿನ ದೃಷ್ಟಿಯಿಂದ ನಾನು ಮತ್ತೆ ಮತ್ತೆ ಓದುವ ಪ್ರಕರಣ ಆಸ್ಟ್ರೇಲಿಯಾದ್ದು. 1992ರ ಮಾರ್ಚ್ 4ರಂದು ಈಸ್ಟ್ ವೆಸ್ಟ್ ಏರ್‌ಲೈನ್ಸ್‌ನ ಬಿಎಇ 146 ವಿಮಾನ ಬ್ರಿಸ್ಬೇನ್‌ಗೆ ಇಳಿಯುವಾಗ ಕ್ಯಾಬಿನ್ನಿನಲ್ಲಿ ಹೊಗೆ ತುಂಬಿತು. ಅದರಲ್ಲಿದ್ದ ಗಗನಸಖಿಗೆ ಅಂಟಿಕೊಂಡ ಕೆಮ್ಮು ಬಿಡಲೇ ಇಲ್ಲ. ನ್ಯೂ ಸೌತ್ ವೇಲ್ಸ್‌ನ ಡಸ್ಟ್ ಡಿಸೀಸಸ್ ಟ್ರಿಬ್ಯೂನಲ್ 2009ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲೂ ಅವರೇ ಗೆದ್ದರು. 2010ರಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಕಂಪನಿಯ ಕೊನೆಯ ಯತ್ನವನ್ನೂ ತಳ್ಳಿಹಾಕಿತು. ಹದಿನೆಂಟು ವರ್ಷ! 'ಏರೋಟಾಕ್ಸಿಕ್ ಸಿಂಡ್ರೋಮ್' ಎಂಬ ಹೆಸರಿನ ಸುತ್ತ ವೈದ್ಯಲೋಕದಲ್ಲಿ ಇಂದಿಗೂ ಜಗಳವಿದೆ. ಆಕೆ ಆ ಹೆಸರನ್ನು ಸಾಬೀತು ಮಾಡಿ ಗೆದ್ದವರಲ್ಲ. ಬೆಂದ ಎಣ್ಣೆಯ ಹೊಗೆ ಶ್ವಾಸಕೋಶವನ್ನು ಕೆರಳಿಸುತ್ತದೆ, ಅದು ಕಂಪನಿಗೆ ಮೊದಲೇ ತಿಳಿಯಬಹುದಾಗಿತ್ತು, ನನ್ನ ಕೆಮ್ಮು ಆ ದಿನದ್ದು — ಇಷ್ಟನ್ನೇ ಹಿಡಿದು ಗೆದ್ದರು. ನಮ್ಮವರೂ ಹೀಗೆಯೇ ಹೊರಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಕಾಯಿಲೆಯ ಹೆಸರು ಹೇಳಿದರೆ ಎದುರು ಪಕ್ಷದವರು ತಜ್ಞರನ್ನು ಸಾಲಾಗಿ ಕರೆತರುತ್ತಾರೆ. ಅಂದಿನ ಗಂಟಲುರಿಯನ್ನು ಅಂದೇ ಬರೆದಿಟ್ಟರೆ ಅಲ್ಲಗಳೆಯುವುದು ಕಷ್ಟ.

ಹಾಗಾಗಿ ಮೊದಲ ದಿನವೇ ಮುಖ್ಯ. ವಾಸನೆ ಬಂದ ಕೂಡಲೇ ಕ್ಯಾಪ್ಟನ್‌ಗೆ ತಿಳಿಸಿ, ಗಡಿಯಾರ ನೋಡಿಕೊಳ್ಳಿ. ಎಷ್ಟು ಹೊತ್ತಿಗೆ ಶುರುವಾಯಿತು, ಏರುವಾಗಲೋ ಇಳಿಯುವಾಗಲೋ, ಮುಂದೋ ಹಿಂದೋ, ಮಂಜಿನಂಥ ಹೊಗೆ ಕಂಡಿತೋ, ಪೈಲಟ್‌ಗಳು ಆಮ್ಲಜನಕದ ಮಾಸ್ಕ್ ಹಾಕಿಕೊಂಡರೋ — ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಪೈಲಟ್‌ಗಳು ತುರ್ತು ಆಮ್ಲಜನಕ ಬಳಸಬೇಕಾಗಿ ಬಂದ ಘಟನೆ, ಅಂತರರಾಷ್ಟ್ರೀಯ ನಿಯಮಗಳಲ್ಲಿ ಗಂಭೀರ ಘಟನೆಗಳಿಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು. ವಿಮಾನದ ನೋಂದಣಿ ಸಂಖ್ಯೆಯನ್ನು ಬಿಡಬೇಡಿ. ಇಳಿದ ಮೇಲೆ ಟೆಕ್ನಿಕಲ್ ಲಾಗ್‌ನಲ್ಲಿ ದೋಷ ನಮೂದಾಗಿದೆಯೇ ಎಂದು ಕ್ಯಾಪ್ಟನ್‌ರನ್ನು ವಿನಯದಿಂದಲೇ ಕೇಳಿ. ಅವರು ಬರೆದಿದ್ದರೂ ನಿಮ್ಮ ವರದಿಯನ್ನು ನೀವೇ ಪ್ರತ್ಯೇಕವಾಗಿ ಕಂಪನಿಗೆ ಕಳಿಸಿ, ಒಂದು ಪ್ರತಿ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ.

ಅಲ್ಲಿಂದ ನೇರ ಆಸ್ಪತ್ರೆಗೆ. ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ ಬೆಳಗ್ಗೆ ನೋಡೋಣ ಎಂದರೆ ಸಾಕ್ಷ್ಯವೇ ಕರಗಿಹೋಗುತ್ತದೆ. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ನಾಲ್ಕೈದು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಆಮ್ಲಜನಕ ಕೊಟ್ಟರೆ ಇನ್ನೂ ಬೇಗ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಅದನ್ನು ಗುರುತಿಸಲಾರದು, 98 ಎಂದು ತೋರಿಸಿ ಸುಮ್ಮನಾಗುತ್ತದೆ. ಕಾರ್ಬಾಕ್ಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಬೇಕು. ಜೊತೆಗೆ ಕೋಲಿನೆಸ್ಟರೇಸ್ ಪರೀಕ್ಷೆ. ಅದನ್ನು ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿಸಿ ಹೋಲಿಸಿದರೆ ಅರ್ಥ ಬರುತ್ತದೆ. ನಮ್ಮ ಊರುಗಳ ಡಾಕ್ಟರಿಗೆ ಇದು ಹೊಸದೇನಲ್ಲ, ಕೀಟನಾಶಕ ಕುಡಿದವರಿಗೆ ದಿನಾ ಮಾಡಿಸುವ ಪರೀಕ್ಷೆಯೇ. "ಕೆಲಸದ ವೇಳೆ ವಿಮಾನದಲ್ಲಿ ಹೊಗೆ ಸೇವಿಸಿದ್ದಾರೆ" ಎಂಬ ಮಾತು ಒಪಿಡಿ ಚೀಟಿಯಲ್ಲಿರುವಂತೆ ನೋಡಿಕೊಳ್ಳಿ. ದಾಖಲೆ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳುತ್ತವೆ.

ಪರಿಹಾರದ ವಿಷಯಕ್ಕೆ ಬರೋಣ. ಗಗನಸಖಿಯರೆಂದರೆ ಕಾರ್ಮಿಕರಲ್ಲ, ಅವರಿಗೆ ಪರಿಹಾರದ ಕಾನೂನು ಸಲ್ಲದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1923ರ ಉದ್ಯೋಗಿಗಳ ಪರಿಹಾರ ಕಾಯ್ದೆಯ ವ್ಯಾಖ್ಯೆಯಲ್ಲೇ ವಿಮಾನದ ಕ್ಯಾಪ್ಟನ್ ಮತ್ತು ಸಿಬ್ಬಂದಿಯ ಹೆಸರಿದೆ. ಅದರ ಮೂರನೇ ಅನುಸೂಚಿಯ 'ಎ' ಭಾಗದಲ್ಲಿ ಆರ್ಗನೋಫಾಸ್ಫರಸ್ ಸಂಯುಕ್ತಗಳ ವಿಷವೂ ಔದ್ಯೋಗಿಕ ಕಾಯಿಲೆಯೆಂದು ದಾಖಲಾಗಿದೆ, ಆ ಭಾಗದ ಕಾಯಿಲೆಗಳಿಗೆ ಕನಿಷ್ಠ ಸೇವಾವಧಿಯ ಷರತ್ತೂ ಇಲ್ಲ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರ ಏಳನೇ ಅಧ್ಯಾಯ ನೋಡಿ. ಅರ್ಜಿಯಲ್ಲಿ ಎರಡನ್ನೂ ಬರೆಯಿಸಿ: ಮೊದಲು ಕೆಲಸದ ವೇಳೆ ಆದ ಅಪಘಾತದ ಗಾಯ, ಪರ್ಯಾಯವಾಗಿ ಔದ್ಯೋಗಿಕ ಕಾಯಿಲೆ. ಮೂರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ಮಾತ್ರ ಹೊಣೆ ಹುಟ್ಟುತ್ತದೆ, ಆದ್ದರಿಂದ ಕೆಮ್ಮುತ್ತಲೇ ಡ್ಯೂಟಿಗೆ ಹೋಗಬೇಡಿ. ಹಳೆಯ ಕಾಯ್ದೆಯಲ್ಲಿ ಅರ್ಜಿಗೆ 2 ವರ್ಷದ ಗಡುವಿತ್ತು, ಅದರೊಳಗೇ ಮುಗಿಸಿಕೊಳ್ಳಿ.

ಹಣ ದೊಡ್ಡದಿರುವುದಿಲ್ಲ. 2020ರಲ್ಲಿ ನಿಗದಿಯಾದಂತೆ, ಸಂಬಳ ಎಷ್ಟಿದ್ದರೂ ತಿಂಗಳಿಗೆ 15,000 ರೂಪಾಯಿ ಎಂದೇ ಲೆಕ್ಕ ಹಾಕುತ್ತಿದ್ದರು. ಇದು ಅನ್ಯಾಯ, ಬದಲಾಗಲೇಬೇಕು. ಆದರೆ ಚಿಕಿತ್ಸೆಯ ನಿಜವಾದ ಖರ್ಚನ್ನು ಕಂಪನಿ ಭರಿಸಬೇಕು, ಅದಕ್ಕೆ ಈ ಮಿತಿ ಇಲ್ಲ. ಔಷಧದಂಗಡಿಯ ಚೀಟಿಯನ್ನೂ ಎಸೆಯಬೇಡಿ. ಇದರ ಬದಲು ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ ಹೂಡಬಹುದು, ಎರಡು ಕಡೆಯೂ ಹೋಗುವಂತಿಲ್ಲ. ವಿಮಾನ ತೊಳೆಯುವ, ಸಾಮಾನು ಹೊರುವ ಗುತ್ತಿಗೆ ನೌಕರರು 21,000 ರೂಪಾಯಿ ಸಂಬಳದ ಮಿತಿಯೊಳಗಿದ್ದರೆ ಅವರದು ಇಎಸ್‌ಐ ದಾರಿ.

ವಿಮಾನದ ದೋಷದ ದಾಖಲೆ ಕಂಪನಿಯಲ್ಲಿರುತ್ತದೆ, ಕಂಪನಿ ಖಾಸಗಿ. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸಾರ್ವಜನಿಕ ಪ್ರಾಧಿಕಾರ. ಅದು ಬೇರೆ ಕಾನೂನಿನಡಿ ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಮಿನಡಿ 'ಮಾಹಿತಿ'ಯೇ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಇಂಥ ನೋಂದಣಿಯ ವಿಮಾನದಲ್ಲಿ ಇಂಥ ದಿನ ಹೊಗೆಯೋ ವಾಸನೆಯೋ ವರದಿಯಾಗಿದೆಯೇ, ಆಮೇಲೆ ಏನು ದುರಸ್ತಿ ಮಾಡಿದರು ಎಂದು ಕೇಳಿ. ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಪೈಲಟ್‌ಗಳದು ಬೇರೆಯೇ ಸಂಕಟ. ವೈದ್ಯಕೀಯ ಅರ್ಹತೆ ಹೋದರೆ ಅನ್ನವೇ ಹೋಗುತ್ತದೆಂದು ಮರೆಮಾಚುತ್ತಾರೆ. ತಾತ್ಕಾಲಿಕವಾಗಿ ಅನರ್ಹರಾದವರು ಪರೀಕ್ಷೆಯ ನಂತರ ಮರಳುವ ದಾರಿ ಇದೆ, ನಮ್ಮ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ನಾಗರಿಕ ಪೈಲಟ್‌ಗಳ ಪರೀಕ್ಷೆ ನಡೆಯುತ್ತದೆ. ಪ್ರಯಾಣಿಕರಿಗಾದರೆ ಬೇರೆ ಕಾನೂನು. ಅಂತರರಾಷ್ಟ್ರೀಯ ಪ್ರಯಾಣವಾದರೆ 1999ರ ಮಾಂಟ್ರಿಯಲ್ ಒಪ್ಪಂದದಡಿ 2 ವರ್ಷದೊಳಗೆ ದಾವೆ ಹೂಡಬೇಕು.

ಹಾಸನದ ಆ ಹುಡುಗಿಯ ಫೋನಿನಲ್ಲಿ ಕೊನೆಗೆ ಒಂದು ಸಿಕ್ಕಿತು. ವಿಮಾನ ನಿಂತ ಹತ್ತು ನಿಮಿಷಕ್ಕೆ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಧ್ವನಿ ಸಂದೇಶ. "ಅಮ್ಮಾ, ಏನೋ ಕೆಟ್ಟ ವಾಸನೆ ಬಂತು, ಮಾತಾಡೋಕೆ ಆಗ್ತಿಲ್ಲ" ಎನ್ನುವಷ್ಟರಲ್ಲಿ ಮೂರು ಸಲ ಕೆಮ್ಮು. ಅಳಿಸಬೇಡಿ, ಅಮ್ಮನ ಫೋನನ್ನೂ ಮಾರಬೇಡಿ ಎಂದು ಹೇಳಿ, ಇಂಥ ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯನ್ನು ಅವರ ಮುಂದಿಟ್ಟೆ.