ಅಲಿ, ಟೈಸನ್, ಉಸಿಕ್, ನಮ್ಮ ಹವಾ ಸಿಂಗ್: ಹೆವಿವೇಟ್ ದಿಗ್ಗಜರನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರು. ಮೈಸೂರಿನಿಂದ ಬಂದು ನಮ್ಮೊಂದಿಗಿರುವ ಅಪ್ಪನಿಗೆ ಮುಹಮ್ಮದ್ ಅಲಿ ಬಿಟ್ಟರೆ ಇನ್ನೊಬ್ಬರಿಲ್ಲ. ನನಗೆ ಮೈಕ್ ಟೈಸನ್, ಮಗನಿಗೆ ಉಸಿಕ್. ಇವರನ್ನೆಲ್ಲ ಒಂದೇ ರಿಂಗಿಗೆ ಇಳಿಸಿದರೆ ಗೆಲ್ಲುವವರು ಯಾರು?
– ಓದುಗರು, ಶಕ್ತಿ ಖಂಡ, ಇಂದಿರಾಪುರಂ

ಉತ್ತರ: ಎದುರಾದರೆ ಯಾರು ಗೆಲ್ಲುತ್ತಿದ್ದರು ಎಂಬುದು ಒಂದು ಪ್ರಶ್ನೆ, ಯಾರು ದೊಡ್ಡ ಬಾಕ್ಸರ್ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಒಂದೇ ಕಾಲದವರ ನಡುವೆಯೂ ಲೆಕ್ಕ ಕೂಡುವುದಿಲ್ಲ. 1971ರ ಮಾರ್ಚ್‌ನಲ್ಲಿ ಜೋ ಫ್ರೇಜಿಯರ್ 15 ಸುತ್ತು ಕಾದಾಡಿ ಅಲಿಯನ್ನು ಸೋಲಿಸಿದರು. 1973ರ ಜನವರಿಯಲ್ಲಿ ಅದೇ ಫ್ರೇಜಿಯರ್‌ರನ್ನು ಜಾರ್ಜ್ ಫೋರ್‌ಮನ್ ಎರಡು ಸುತ್ತಿನಲ್ಲಿ ಆರು ಸಲ ಕೆಡವಿದರು. ಅಲಿಯ ದವಡೆ ಮುರಿದಿದ್ದ ಕೆನ್ ನಾರ್ಟನ್ ಕೂಡ ಫೋರ್‌ಮನ್ ಎದುರು ಎರಡನೇ ಸುತ್ತು ದಾಟಲಿಲ್ಲ. ಈ ಲೆಕ್ಕದಲ್ಲಿ ಫೋರ್‌ಮನ್ ಎದುರು ಅಲಿಗೆ ಉಳಿಗಾಲವೇ ಇರಲಿಲ್ಲ.

ಆದರೆ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಇಬ್ಬರೂ ಎದುರಾದಾಗ ನಡೆದದ್ದನ್ನು ನೋಡಿ. ಅಲಿ ಹಗ್ಗಕ್ಕೆ ಒರಗಿ, ಕೈಗವಸುಗಳಲ್ಲಿ ಮುಖ ಮುಚ್ಚಿಕೊಂಡು, ತೋಳಿಗೂ ಹೊಟ್ಟೆಗೂ ಬೀಳುವ ಗುದ್ದುಗಳನ್ನು ತಡೆದುಕೊಂಡರು. ಸುತ್ತು ಕಳೆದಂತೆ ಫೋರ್‌ಮನ್‌ರ ಹೊಡೆತಗಳು ನಿಧಾನವಾದವು. ಎಂಟನೇ ಸುತ್ತಿನ ಕೊನೆಯ ಕ್ಷಣಗಳಲ್ಲಿ ಅಲಿ ಹಗ್ಗ ಬಿಟ್ಟು ಹೊರಬಂದು, ಎಡಗೈ ಹುಕ್ ಬಾರಿಸಿ, ಅದರ ಬೆನ್ನಿಗೇ ಬಲಗೈಯಿಂದ ನೇರ ಮುಖಕ್ಕೆ ಹೊಡೆದರು. ಫೋರ್‌ಮನ್ ಗಿರಕಿ ಹೊಡೆಯುತ್ತ ಕೆಳಗೆ ಬಿದ್ದರು. ಬೀಳುತ್ತಿದ್ದವರಿಗೆ ಇನ್ನೊಂದು ಕೊಡಲು ಅಲಿಯ ಬಲಗೈ ಸಿದ್ಧವಿತ್ತು, ಆದರೆ ಹೊಡೆಯಲಿಲ್ಲ. ಒಬ್ಬರ ಶೈಲಿ ಇನ್ನೊಬ್ಬರ ಶೈಲಿಗೆ ಹೇಗೆ ತಾಗುತ್ತದೆ ಎಂಬುದನ್ನು ರಿಂಗಿಗೆ ಇಳಿಯುವ ಮೊದಲು ಯಾರೂ ಹೇಳಲಾರರು.

ಕಂಪ್ಯೂಟರಿಗೆ ಕೇಳಿದ್ದೂ ಉಂಟು. ಅಲಿ ಮತ್ತು ರಾಕಿ ಮಾರ್ಸಿಯಾನೊ ಇಬ್ಬರನ್ನೂ ಕ್ಯಾಮೆರಾ ಮುಂದೆ ಆಡಿಸಿ, ಕಂಪ್ಯೂಟರ್ ತೀರ್ಪಿನ ಹೆಸರಲ್ಲಿ 1970ರಲ್ಲಿ ಒಂದು ಚಿತ್ರ ತೆರೆಕಂಡಿತು. ಅದರಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದರು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದದ್ದು ಅಲಿ!

ಎರಡನೇ ಪ್ರಶ್ನೆಗೆ ಮಾತ್ರ ಉತ್ತರವಿದೆ. ತಮ್ಮ ಕಾಲದ ನಿಯಮದಲ್ಲಿ, ಎಂಥ ಎದುರಾಳಿಗಳನ್ನು, ಎಷ್ಟು ವರ್ಷ ಗೆದ್ದರು ಎಂದು ನೋಡಬೇಕು. ಆ ಅಳತೆಯಲ್ಲಿ ನಿಮ್ಮ ತಂದೆಯವರ ಪಕ್ಷವೇ ನನ್ನದು. ಲಿಸ್ಟನ್, ಫ್ರೇಜಿಯರ್, ಫೋರ್‌ಮನ್ ಮೂವರನ್ನೂ ಗೆದ್ದವರು ಅಲಿ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದೆ, 1967ರಿಂದ 1970ರವರೆಗೆ, ಕಸುವು ತುಂಬಿದ್ದ ವಯಸ್ಸಿನಲ್ಲೇ ರಿಂಗಿನಿಂದ ಹೊರಗಿದ್ದೂ ಇಷ್ಟು ಸಾಧಿಸಿದರು. ಟೈಸನ್ 1986ರಲ್ಲಿ 20ನೇ ವಯಸ್ಸಿಗೇ ಪಟ್ಟ ಗೆದ್ದವರು, ಅವರ ಆ ನಾಲ್ಕು ವರ್ಷಗಳ ವೇಗಕ್ಕೆ ಸಾಟಿಯಿಲ್ಲ. ಆದರೆ ಹೋಲಿಫೀಲ್ಡ್ ಮತ್ತು ಲೆನಾಕ್ಸ್ ಲೂಯಿಸ್ ಎದುರು ಸೋತರು.

ಪ್ರಶ್ನೆ: ಈಗಿನವರು ಆರಡಿ ಒಂಬತ್ತು ಅಂಗುಲದ ದೈತ್ಯರು. ಹಳಬರು ಇವರ ಮುಂದೆ ನಿಲ್ಲುತ್ತಿದ್ದರೇ?
– ಓದುಗರು, ನೀತಿ ಖಂಡ, ಇಂದಿರಾಪುರಂ

ಉತ್ತರ: ಮೈಗಾತ್ರದ ಮಾತು ನಿಜ. 49 ಪಂದ್ಯಗಳಲ್ಲಿ ಒಂದನ್ನೂ ಸೋಲದ ಮಾರ್ಸಿಯಾನೊ ಸುಮಾರು 85 ಕಿಲೋ ಇದ್ದವರು, ಇಂದಾಗಿದ್ದರೆ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಿದ್ದರು. 1937ರಿಂದ 1949ರವರೆಗೆ ಪಟ್ಟ ಬಿಡದೆ 25 ಸಲ ಉಳಿಸಿಕೊಂಡ ಜೋ ಲೂಯಿಸ್ ಕೂಡ ಬಹುಪಾಲು 90 ಕಿಲೋ ಆಸುಪಾಸಿನವರೇ. ಆದರೆ ಅವರು 15 ಸುತ್ತಿಗೆ ದೇಹ ಹದಗೊಳಿಸಿದವರು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ ಪಂದ್ಯದ ಪೆಟ್ಟಿನಿಂದ ತೀರಿಕೊಂಡ ಮೇಲೆ ಪಟ್ಟದ ಪಂದ್ಯಗಳು ಹಂತಹಂತವಾಗಿ 12 ಸುತ್ತಿಗೆ ಇಳಿದವು. 12 ಸುತ್ತಿಗೆ ಹೊರಬಲ್ಲ ತೂಕವನ್ನು 15 ಸುತ್ತಿಗೆ ಹೊರುವುದು ಕಷ್ಟ.

ತೂಕವೇ ಎಲ್ಲವಲ್ಲ ಎಂಬುದಕ್ಕೆ ಉಸಿಕ್ ಜೀವಂತ ಸಾಕ್ಷಿ. ತಮಗಿಂತ 15 ಸೆಂಟಿಮೀಟರ್ ಎತ್ತರದ ಟೈಸನ್ ಫ್ಯೂರಿಯನ್ನು 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಸೋಲಿಸಿ ನಾಲ್ಕೂ ಪಟ್ಟ ಒಟ್ಟುಮಾಡಿದರು. ಡಿಸೆಂಬರ್‌ನ ಮರುಪಂದ್ಯದಲ್ಲಿ ಫ್ಯೂರಿ ಸುಮಾರು 25 ಕಿಲೋ ಹೆಚ್ಚಿದ್ದರೂ ಉಸಿಕ್ ಮತ್ತೆ ಗೆದ್ದರು. ಅವರ ಬಲ ಇರುವುದು ಕಾಲ್ಚಳಕದಲ್ಲಿ.

ಪ್ರಶ್ನೆ: ನಮ್ಮ ದೇಶದ ಹೆವಿವೇಟ್‌ಗಳನ್ನು ಇದೇ ಅಳತೆಯಲ್ಲಿ ನೋಡಿದರೆ?
– ಓದುಗರು, ಅಹಿಂಸಾ ಖಂಡ, ಇಂದಿರಾಪುರಂ

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ. ನಮ್ಮ ದೊಡ್ಡ ಹೆವಿವೇಟ್‌ಗಳು ಬೆಳೆದದ್ದು ನೀವಿರುವ ಸೀಮೆಯ ಸುತ್ತಮುತ್ತಲೇ.

ಹರಿಯಾಣದ ಹವಾ ಸಿಂಗ್ ಸೈನಿಕರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಅವರ ಕೈತಪ್ಪಿತು. ಆಮೇಲೆ 1966 ಮತ್ತು 1970ರಲ್ಲಿ ಬ್ಯಾಂಕಾಕ್‌ನಲ್ಲಿ ಸತತ ಎರಡು ಚಿನ್ನ ಗೆದ್ದರು. ದೇಶದ ಚಾಂಪಿಯನ್ ಪಟ್ಟ ದಶಕಕ್ಕೂ ಹೆಚ್ಚು ಕಾಲ ಅವರದೇ ಆಗಿತ್ತು. ಪಂಜಾಬಿನ ಕೌರ್ ಸಿಂಗ್ 1982ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು. 1980ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಅಲಿಯೊಂದಿಗೆ ನಾಲ್ಕು ಸುತ್ತು ಆಡಿದವರೂ ಅವರೇ. ಅದು ಪ್ರದರ್ಶನ ಪಂದ್ಯ. ಕೌರ್ ಸಿಂಗ್‌ರನ್ನು ಅಳೆಯಬೇಕಾದದ್ದು ಚಿನ್ನದಿಂದ.

ಗಾಜಿಯಾಬಾದ್‌ಗೆ ಹತ್ತಿರದ ಬುಲಂದ್‌ಶಹರ್‌ನ ಸತೀಶ್ ಕುಮಾರ್ ಕಬಡ್ಡಿಯಿಂದ ಬಂದು, ಒಲಿಂಪಿಕ್ಸ್‌ಗೆ ಅರ್ಹರಾದ ಭಾರತದ ಮೊದಲ ಸೂಪರ್ ಹೆವಿವೇಟ್ ಆದರು. ಟೋಕಿಯೊದಲ್ಲಿ ಮುಖಕ್ಕೆ 13 ಹೊಲಿಗೆ ಬಿದ್ದಿದ್ದರೂ, ಮುಂದೆ ಚಿನ್ನ ಗೆದ್ದ ಉಜ್ಬೇಕಿಸ್ತಾನದ ಜಲೊಲೊವ್ ಎದುರು ಕ್ವಾರ್ಟರ್‌ಫೈನಲ್‌ಗೆ ಇಳಿದರು. ಸೋತರು, ಆದರೆ ಮೂರೂ ಸುತ್ತು ನಿಂತರು.

ಹವಾ ಸಿಂಗ್ ಕಾಲದಲ್ಲಿ 81 ಕಿಲೋ ಮೀರಿದವರೆಲ್ಲ ಹೆವಿವೇಟ್. ಸತೀಶ್ ಆಡಿದ್ದು 91 ಕಿಲೋ ಮೀರಿದವರಲ್ಲಿ. ಎದುರೆದುರು ನಿಲ್ಲಿಸಿದರೆ ಮೈಗಾತ್ರ ಸತೀಶ್ ಪರ. ಸಾಧನೆಯಲ್ಲಿ ನನ್ನ ಮೊದಲ ಸ್ಥಾನ ಹವಾ ಸಿಂಗ್‌ಗೆ. ಏಷ್ಯನ್ ಗೇಮ್ಸ್ ಬಾಕ್ಸಿಂಗ್‌ನಲ್ಲಿ ಸತತ ಎರಡು ಚಿನ್ನ ಇನ್ನಾವ ಭಾರತೀಯರಿಗೂ ದಕ್ಕಿಲ್ಲ. ಹರಿಯಾಣದ ಭಿವಾನಿಯಲ್ಲಿ ಈ ಆಟ ಬೇರೂರಿದ್ದೂ ಅವರ ದುಡಿಮೆಯಿಂದ. ಆ ಊರಿನ ವಿಜೇಂದರ್ 2008ರಲ್ಲಿ ಒಲಿಂಪಿಕ್ ಕಂಚು ತಂದರು.

ಪ್ರಶ್ನೆ: ಹದಿಮೂರರ ಮಗ ಸೋಲಿಲ್ಲದ ದಾಖಲೆಗಳನ್ನಷ್ಟೇ ಎಣಿಸುತ್ತಾನೆ. ಅವನಿಗೆ ಏನು ಹೇಳಲಿ?
– ಓದುಗರು, ವೈಭವ್ ಖಂಡ, ಇಂದಿರಾಪುರಂ

ಉತ್ತರ: ಪಂದ್ಯಗಳನ್ನು ತೋರಿಸಿ. ಜೋ ಲೂಯಿಸ್ ಮೊದಲ ಸುತ್ತಿನಲ್ಲೇ ಶ್ಮೆಲಿಂಗ್‌ರನ್ನು ಮುಗಿಸಿದ 1938ರ ಪಂದ್ಯ, ಅಲಿ–ಫ್ರೇಜಿಯರ್ 1971, ಟೈಸನ್–ಸ್ಪಿಂಕ್ಸ್ 1988, ಉಸಿಕ್–ಫ್ಯೂರಿ 2024. ವೀಕ್ಷಕ ವಿವರಣೆಯ ಸದ್ದು ಆರಿಸಿ, ಕಾಗದ ಕೊಡಿ. ಸುತ್ತು ಗೆದ್ದವರಿಗೆ 10, ಇನ್ನೊಬ್ಬರಿಗೆ 9. ಒಂದು ಸಲ ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ 8. ಗುದ್ದು ನೇರ ತಾಗಿತೇ, ತೋಳಿಗೆ ಬಡಿದು ಹೋಯಿತೇ ಎಂಬುದನ್ನು ಅವನೇ ನೋಡಿ ಬರೆಯಲಿ.

ಶ್ಮೆಲಿಂಗ್ 1936ರಲ್ಲಿ ಅದೇ ಲೂಯಿಸ್‌ರನ್ನು ಸೋಲಿಸಿದ್ದರು ಎಂಬುದನ್ನೂ ಹೇಳಿ. 1971ರಲ್ಲಿ ಸೋತ ಅಲಿ ಆಮೇಲೆ ಎರಡು ಸಲ ಫ್ರೇಜಿಯರ್‌ರನ್ನು ಗೆದ್ದರು. ಸೋಲಿನ ನಂತರ ಬಂದ ಈ ಗೆಲುವುಗಳಿಲ್ಲದೆ ಲೂಯಿಸ್‌ರನ್ನಾಗಲಿ ಅಲಿಯನ್ನಾಗಲಿ ನಾವು ಇಂದು ಹೋಲಿಕೆಗೆ ಎತ್ತಿಕೊಳ್ಳುತ್ತಿರಲಿಲ್ಲ.